ನಾಯಿಗಳ ಈಜು ಮತ್ತು ಜಲಕ್ರೀಡೆ

ಸಾಕುನಾಯಿಯನ್ನು ನೀರಿಗೆ ಒಗ್ಗಿಸಿ, ತೇಲಲು, ಈಜಲು ಮತ್ತು ತಾನಾಗಿಯೇ ದಡ ಹತ್ತಲು ಕಲಿಸುವ ತರಬೇತಿ; ಅದರ ಬುನಾದಿಯ ಮೇಲೆ ಬೆಳೆದ ಆಟ, ಜೀವರಕ್ಷಣೆ ಮತ್ತು ಚಿಕಿತ್ಸೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ನಾಯಿ ಹುಟ್ಟುತ್ತಲೇ ಈಜು ಕಲಿತಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ಮಾತ್ರ ನಿಜ. ನೀರಿನ ಮೇಲೆ ಎತ್ತಿ ಹಿಡಿದರೆ ಸಾಕು, ಪಾದಕ್ಕೆ ನೀರು ತಾಕುವ ಮೊದಲೇ ಬಹಳಷ್ಟು ನಾಯಿಗಳು ಗಾಳಿಯಲ್ಲಿ ಕಾಲು ಬಡಿಯತೊಡಗುತ್ತವೆ. ಕಾಲು ಬಡಿಯುವುದು ಹುಟ್ಟುಗುಣ. ಮೈಯನ್ನು ನೀರಿನ ಮೇಲೆ ಮಟ್ಟವಾಗಿ ಚಾಚಿಕೊಂಡು, ಉಸಿರು ಕಾಯ್ದುಕೊಂಡು, ದಿಕ್ಕು ಹಿಡಿದು ಸಾಗಿ ಮೇಲೆ ಬರುವುದು ಕಲಿಕೆ. ಚೆನ್ನಾಗಿ ಈಜುವ ನಾಯಿಯೂ ಮೇಲೇರುವ ದಾರಿ ಸಿಗದಿದ್ದರೆ ಕೊನೆಗೆ ದಣಿದು ಮುಳುಗುತ್ತದೆ. ಆದ್ದರಿಂದ ದಡ ಹತ್ತುವುದೇ ಈ ತರಬೇತಿಯ ಅತಿ ಮುಖ್ಯ ಪಾಠ.

ಈಜುವ ಬಗೆ

ನೆಲದ ಮೇಲೆ ಹದವಾಗಿ ಓಡುವಾಗ ನಾಯಿಯ ಎಡ ಮುಂಗಾಲೂ ಬಲ ಹಿಂಗಾಲೂ ಒಟ್ಟಿಗೆ ಚಲಿಸುತ್ತವೆ, ಮರುಕ್ಷಣ ಬಲ ಮುಂಗಾಲು ಮತ್ತು ಎಡ ಹಿಂಗಾಲು. ಅಮೆರಿಕದ ವೆಸ್ಟ್ ಚೆಸ್ಟರ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಫ್ರ್ಯಾಂಕ್ ಫಿಶ್ ಮತ್ತು ಅವರ ಸಹೋದ್ಯೋಗಿಗಳು ಈಜುವ ನಾಯಿಗಳನ್ನು ನೀರಿನೊಳಗಿನ ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿದಾಗ, ಈಜಿನ ವರಸೆಯೂ ಈ ಓಟವನ್ನೇ ಹೋಲುವುದು ಕಂಡುಬಂತು. ವ್ಯತ್ಯಾಸವೆಂದರೆ ನೀರಿನಲ್ಲಿ ಕಾಲುಗಳು ಓಟದಲ್ಲಿ ಬಾಗುವುದಕ್ಕಿಂತ ಹೆಚ್ಚು ಅಗಲವಾಗಿ ಬೀಸುತ್ತವೆ. ಹಿಂದಕ್ಕೆ ತಳ್ಳುವಾಗ ಬೆರಳುಗಳು ಬಿಚ್ಚಿಕೊಂಡು ಪಾದ ಅಗಲವಾಗುತ್ತದೆ. ಮುಂದಕ್ಕೆ ತರುವಾಗ ಕಾಲು ಮಡಚಿಕೊಂಡು ಮೈಯ ಹತ್ತಿರದಿಂದ ಜಾರುತ್ತದೆ, ಇದರಿಂದ ನೀರಿನ ತಡೆ ಕಡಿಮೆ. ಬಾಲ ಸಮತೋಲಕ್ಕೂ ತಿರುಗುವುದಕ್ಕೂ ಒದಗುತ್ತದೆ. ನೀರಿಗಾಗಿಯೇ ನಾಯಿಗೆ ಬೇರೊಂದು ನಡೆ ಇಲ್ಲ, ನೆಲದ ನಡೆಯನ್ನೇ ಅದು ನೀರಿಗೆ ಹೊಂದಿಸಿಕೊಂಡಿದೆ. ನೆಲದ ಮೇಲೆ ಸೊಂಟ, ಮಂಡಿ ನೋವಿರುವ ನಾಯಿ ನೀರಿನಲ್ಲೂ ವಾಲಿಕೊಂಡು ಈಜುವುದಕ್ಕೆ ಇದೇ ಕಾರಣ.

ಮೇಲೆ ಬಂದ ಕೂಡಲೇ ನಾಯಿ ಮೈ ಕೊಡವುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತುಪ್ಪಳವಿರುವ ಪ್ರಾಣಿಗಳು ಹೀಗೆ ಕೊಡವಿ ಸೆಕೆಂಡಿನ ಒಂದಂಶದಲ್ಲಿ ಮೈಮೇಲಿನ ನೀರಿನ ಸುಮಾರು 70 ಪ್ರತಿಶತವನ್ನು ಕಳೆದುಕೊಳ್ಳಬಲ್ಲವು. ಪ್ರಾಣಿ ದೊಡ್ಡದಾದಷ್ಟೂ ಕೊಡವುವ ವೇಗ ಕಡಿಮೆ: ಇಲಿ ಸೆಕೆಂಡಿಗೆ ಸುಮಾರು 30 ಸಲ ಅದುರಿದರೆ ಲ್ಯಾಬ್ರಡಾರ್ ನಾಲ್ಕೈದು ಸಲ. ಒದ್ದೆ ತುಪ್ಪಳ ಮೈಯ ಕಾವನ್ನು ಎಷ್ಟು ಬೇಗ ಹೀರುತ್ತದೆ ಎಂಬುದನ್ನು ನೆನೆದರೆ ಇದು ಪ್ರಾಣ ಉಳಿಸುವ ಕೌಶಲವೇ ಸರಿ.

ತಳಿಗಳು

ನೀರಿನ ಕೆಲಸಕ್ಕೆಂದೇ ಬೆಳೆಸಿದ ತಳಿಗಳ ಕಥೆ ಹೆಚ್ಚಾಗಿ ಬೆಸ್ತರ ಮತ್ತು ಬೇಟೆಗಾರರ ಕಥೆ. ಕೆನಡಾದ ಪೂರ್ವ ಅಂಚಿನ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರು ಎರಡು ಬಗೆಯ ನಾಯಿಗಳನ್ನು ಸಾಕಿದ್ದರು. ದೊಡ್ಡದು ಇಂದಿನ ನ್ಯೂಫೌಂಡ್‌ಲ್ಯಾಂಡ್ ತಳಿ: ಎಣ್ಣೆಯಂಶವಿರುವ ಎರಡು ಪದರದ ತುಪ್ಪಳ, ಬೆರಳುಗಳ ನಡುವೆ ಚೆನ್ನಾಗಿ ಬೆಳೆದ ಚರ್ಮ, ಒಬ್ಬ ಮನುಷ್ಯನನ್ನು ಎಳೆದು ತರುವಷ್ಟು ಕಸುವು. ಮೆರಿವೆದರ್ ಲೂಯಿಸ್ 1803ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಅನ್ವೇಷಣೆಗೆ ಹೊರಟಾಗ 20 ಡಾಲರು ಕೊಟ್ಟು ಕೊಂಡ ಸೀಮನ್ ಎಂಬ ನಾಯಿ ಈ ತಳಿಯದು. ಚಿಕ್ಕದು ಸೇಂಟ್ ಜಾನ್ಸ್ ನಾಯಿ. ಬಲೆಯಿಂದ ಜಾರಿದ ಮೀನನ್ನು ತರುವುದು, ಹಗ್ಗದ ತುದಿ ಕಚ್ಚಿಕೊಂಡು ದೋಣಿಯಿಂದ ದೋಣಿಗೆ ಈಜುವುದು ಅದರ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಮ್ಸ್‌ಬರಿ ಅರ್ಲ್ ಮತ್ತು ಬಕ್ಲೂ ಡ್ಯೂಕ್ ಮನೆತನಗಳು ಈ ನಾಯಿಗಳನ್ನು ಬ್ರಿಟನ್ನಿಗೆ ತರಿಸಿಕೊಂಡವು. ಅವುಗಳ ಸಂತತಿಯೇ ಲ್ಯಾಬ್ರಡಾರ್. 1903ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಲ್ಯಾಬ್ರಡಾರನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಮೂಲದ ಸೇಂಟ್ ಜಾನ್ಸ್ ನಾಯಿ ಮಾತ್ರ 1980ರ ದಶಕದಲ್ಲಿ ಅಳಿದುಹೋಯಿತು. ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಲ್ಯಾಬ್‌ಗಳ ನೀರುನಾಯಿಯಂಥ ದಪ್ಪ ಬಾಲ ಆ ತಣ್ಣನೆಯ ಕಡಲಿನ ಬಳುವಳಿ.

ಗೋಲ್ಡನ್ ರಿಟ್ರೀವರ್‌ನ ಮೂಲ 1868ರಲ್ಲಿ ಸ್ಕಾಟ್ಲೆಂಡಿನ ಗಿಸಾಕನ್ ಎಸ್ಟೇಟಿನಲ್ಲಿ ಟ್ವೀಡ್‌ಮೌತ್ ಪ್ರಭು ಮಾಡಿಸಿದ ಸಂಕರ. ಹಳದಿ ಬಣ್ಣದ ರಿಟ್ರೀವರ್ ಒಂದಕ್ಕೆ ಟ್ವೀಡ್ ಹೊಳೆಯ ಕಡೆಯ ನೀರಿನ ಸ್ಪ್ಯಾನಿಯಲನ್ನು ಅವರು ಕೂಡಿಸಿದರು. ಪೋರ್ಚುಗೀಸ್ ವಾಟರ್ ಡಾಗ್ ಅಲ್ಗಾರ್ವ್ ಕರಾವಳಿಯ ಬೆಸ್ತರ ಸಂಗಾತಿ. ಮೀನನ್ನು ಬಲೆಯತ್ತ ಅಟ್ಟುತ್ತಿತ್ತು, ದೋಣಿಗಳ ನಡುವೆ ಸುದ್ದಿ ಒಯ್ಯುತ್ತಿತ್ತು. ಯಂತ್ರದ ದೋಣಿಗಳ ಕಾಲದಲ್ಲಿ ಕೆಲಸ ಕಳೆದುಕೊಂಡು ಅಳಿವಿನಂಚಿಗೆ ಬಂದ ಈ ತಳಿಯನ್ನು 1930ರ ದಶಕದಲ್ಲಿ ವಾಸ್ಕೊ ಬೆನ್ಸೌಡೆ ಎಂಬ ಉದ್ಯಮಿ ಕೈಹಿಡಿದು ಉಳಿಸಿದರು. 2009ರಲ್ಲಿ ಬರಾಕ್ ಒಬಾಮರ ಕುಟುಂಬದೊಂದಿಗೆ ಶ್ವೇತಭವನ ಸೇರಿದ ಬೋ ಈ ತಳಿಯದು. ಪೂಡಲ್ ಕೂಡ ಮೂಲದಲ್ಲಿ ನೀರಿಗಿಳಿದು ಬಾತುಕೋಳಿ ತರುತ್ತಿದ್ದ ಬೇಟೆನಾಯಿ. ಇಂದು ಅಲಂಕಾರದಂತೆ ಕಾಣುವ ಅದರ ಕ್ಷೌರ, ಎದೆ ಮತ್ತು ಕೀಲುಗಳನ್ನು ಬೆಚ್ಚಗಿಟ್ಟು ಉಳಿದ ಭಾಗದ ಭಾರ ಇಳಿಸುವ ಉಪಾಯವಾಗಿ ಹುಟ್ಟಿದ್ದು.

ಇದಕ್ಕೆ ವಿರುದ್ಧವಾಗಿ, ನೀರು ಒಗ್ಗದ ಮೈಕಟ್ಟುಗಳೂ ಇವೆ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಿಗೆ ತಲೆ ಮತ್ತು ಎದೆ ಭಾರ, ಕಾಲು ಗಿಡ್ಡ. ಪಗ್‌ನದೂ ಚಪ್ಪಟೆ ಮುಖ. ಮೂಗನ್ನು ನೀರಿನ ಮೇಲಿಡಲು ಇವು ಮುಖವನ್ನು ಆಕಾಶಕ್ಕೆತ್ತಬೇಕು, ಎತ್ತಿದೊಡನೆ ಹಿಂಭಾಗ ಮುಳುಗುತ್ತದೆ. ಡ್ಯಾಷ್‌ಹೌಂಡ್, ಬ್ಯಾಸೆಟ್‌ಗಳೂ ಬೇಗ ದಣಿಯುತ್ತವೆ. ಪಗ್ ನಮ್ಮ ನಗರಗಳ ಬಹು ಮೆಚ್ಚಿನ ತಳಿಯಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ: ಲೈಫ್ ಜಾಕೆಟ್ ಇಲ್ಲದೆ ಇಂಥ ನಾಯಿಯನ್ನು ಈಜುಕೊಳದ ಹತ್ತಿರ ಬಿಡುವುದೇ ತಪ್ಪು. ಮುಧೋಳದಂಥ ಬೇಟೆನಾಯಿಗಳ ತೊಂದರೆ ಬೇರೆ. ಮೈಯಲ್ಲಿ ಕೊಬ್ಬು ಕಡಿಮೆ, ತುಪ್ಪಳ ತೆಳು. ತೇಲುವುದೂ ಕಷ್ಟ, ಚಳಿಯೂ ಬೇಗ ಹಿಡಿಯುತ್ತದೆ. ಹಾಗೆಂದು ತಳಿಯೊಂದೇ ನಿರ್ಣಾಯಕವಲ್ಲ. ನೀರು ಕಂಡರೆ ಹಿಂದೆ ಸರಿಯುವ ಲ್ಯಾಬ್ರಡಾರ್ ಇರುತ್ತದೆ, ಭತ್ತದ ಗದ್ದೆಯ ಕಾಲುವೆಯಲ್ಲಿ ದಿನವಿಡೀ ಹೊರಳಾಡುವ ನಾಟಿ ನಾಯಿಯೂ ಇರುತ್ತದೆ.

ನೀರಿಗೆ ಒಗ್ಗಿಸುವ ಕ್ರಮ

ಎತ್ತಿ ನೀರಿಗೆಸೆದರೆ ತಾನೇ ಕಲಿಯುತ್ತದೆ ಎಂಬ ಹಳೆಯ ಪದ್ಧತಿಯನ್ನು ಪೂರ್ತಿ ಕೈಬಿಡಬೇಕು. ಹಾಗೆ ಎಸೆಸಿಕೊಂಡ ನಾಯಿ ಆ ಕ್ಷಣ ಹೇಗೋ ದಡ ಸೇರಬಹುದು. ಆದರೆ ಅದು ಕಲಿಯುವ ಪಾಠ ಎರಡು: ನೀರು ಭಯಂಕರ, ಯಜಮಾನ ನಂಬಿಕೆಗೆ ಯೋಗ್ಯನಲ್ಲ. ಎರಡನೆಯದನ್ನು ಮರೆಸಲು ವರ್ಷಗಳು ಬೇಕಾಗುತ್ತವೆ.

ಮರಿಗಳ ಲಸಿಕೆಗಳ ಸರಣಿ ಮುಗಿದ ಮೇಲೆ, ಸಾಮಾನ್ಯವಾಗಿ ನಾಲ್ಕನೆಯ ತಿಂಗಳ ಹೊತ್ತಿಗೆ, ನೀರಿನ ಪರಿಚಯ ಆರಂಭಿಸಬಹುದು. ಮನೆಯ ಟಬ್‌ನಲ್ಲಿ ಪಾದ ಮುಳುಗುವಷ್ಟು ಬೆಚ್ಚಗಿನ ನೀರು, ಜಾರದಂತೆ ತಳಕ್ಕೊಂದು ರಬ್ಬರ್ ಮ್ಯಾಟ್, ಬಾಯಿಗೆ ಇಷ್ಟದ ತಿನಿಸು, ಇಷ್ಟು ಸಾಕು. ಹೊರಗಿನ ಮೊದಲ ಪಾಠಕ್ಕೆ ಆರಿಸುವ ಜಾಗ ಮುಖ್ಯ: ಇಳಿಜಾರು ಮೆಲ್ಲಗೆ ಆಳವಾಗಬೇಕು, ನೀರು ನಿಂತಿರಬೇಕು ಅಥವಾ ಬಹಳ ನಿಧಾನ ಹರಿಯಬೇಕು, ತಳ ಕಾಣಬೇಕು, ಜನರ ಗದ್ದಲ ಇರಬಾರದು. ಮೊದಲು ಇಳಿಯಬೇಕಾದವರು ಮನುಷ್ಯರು. ಯಜಮಾನ ಮೊಣಕಾಲುದ್ದ ನೀರಿನಲ್ಲಿ ನಿಂತು ಕರೆದಾಗ ನಾಯಿ ತಾನಾಗಿ ಬರಲಿ. ಬಂದಷ್ಟು ದೂರಕ್ಕೆ ಶಹಬ್ಬಾಸ್‌ಗಿರಿ, ಮತ್ತೆ ದಡಕ್ಕೆ. ನೀರನ್ನು ಪ್ರೀತಿಸುವ, ಸಮಾಧಾನದ ಸ್ವಭಾವದ ಇನ್ನೊಂದು ನಾಯಿ ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ನಾಯಿಗೆ ನಾಯಿಯೇ ಒಳ್ಳೆಯ ಗುರು.

ಮೈಗೆ ಹೊಂದುವ ಲೈಫ್ ಜಾಕೆಟ್ ಮೊದಲ ದಿನದಿಂದಲೇ ಬೇಕು. ಬೆನ್ನ ಮೇಲೆ ಗಟ್ಟಿ ಹಿಡಿಕೆ ಇರುವಂಥದ್ದನ್ನೇ ಆರಿಸಿ, ಮನೆಯಲ್ಲೇ ಒಂದೆರಡು ದಿನ ತೊಡಿಸಿ ರೂಢಿ ಮಾಡಿಸಬೇಕು. ಕುತ್ತಿಗೆ ಹಿಸುಕುವ ಸರಪಳಿಯನ್ನು ತೆಗೆದಿಡಬೇಕು. ಉದ್ದನೆಯ, ನೀರು ಹೀರದ ಹಗ್ಗವನ್ನು ಜಾಕೆಟ್ಟಿಗೆ ಕಟ್ಟಿ ಸಡಿಲವಾಗಿ ಹಿಡಿಯಬಹುದು. ಆದರೆ ಅದರಿಂದ ನಾಯಿಯನ್ನು ಆಳಕ್ಕೆ ಎಳೆಯಬಾರದು.

ಕಾಲು ನೆಲ ಬಿಡುವ ಕ್ಷಣವೇ ಕಠಿಣ. ಹೊಸದಾಗಿ ಈಜುವ ನಾಯಿ ಮುಂಗಾಲುಗಳನ್ನು ನೀರಿನಿಂದ ಮೇಲೆತ್ತಿ ಪಟಪಟ ಹೊಡೆಯುತ್ತದೆ, ಹಿಂಗಾಲುಗಳು ತೂಗುಬೀಳುತ್ತವೆ, ಮೈ ಲಂಬವಾಗುತ್ತದೆ. ಎಷ್ಟು ನೀರು ಚಿಮ್ಮುತ್ತದೋ ಅಷ್ಟು ಶಕ್ತಿ ವ್ಯರ್ಥ. ಆಗ ಪಕ್ಕದಲ್ಲಿ ನಿಂತು, ಹೊಟ್ಟೆಯ ಹಿಂಭಾಗಕ್ಕೆ ಅಂಗೈ ಕೊಟ್ಟು ಸೊಂಟವನ್ನು ಮೇಲೆತ್ತಿದರೆ ಮೈ ಮಟ್ಟಕ್ಕೆ ಬರುತ್ತದೆ, ಹಿಂಗಾಲುಗಳು ಕೆಲಸ ಶುರುಮಾಡುತ್ತವೆ, ಮುಂಗಾಲಿನ ಬಡಿತ ತಾನಾಗಿ ನಿಲ್ಲುತ್ತದೆ. ನಾಯಿಯ ಎದುರಿಗೆ ನಿಲ್ಲುವುದು ಸರಿಯಲ್ಲ, ಗಾಬರಿಯಾದ ನಾಯಿ ಎದುರಿರುವವರ ಮೇಲೆ ಹತ್ತಲು ನೋಡುತ್ತದೆ, ಉಗುರು ಆಳಕ್ಕೆ ಗೀರುತ್ತದೆ. ಕೈಯ ಆಸರೆಯನ್ನು ಒಮ್ಮೆಗೇ ಬಿಡದೆ ಮೆಲ್ಲಮೆಲ್ಲಗೆ ಕಡಿಮೆ ಮಾಡಬೇಕು.

ಇಷ್ಟಾದ ಮೇಲೆ, ಅಥವಾ ಇದರ ಜೊತೆಜೊತೆಗೇ, ದಡದ ಪಾಠ. ಈಜುಕೊಳವಾದರೆ ಮೆಟ್ಟಿಲಿನ ಬಳಿಯಿಂದಲೇ ಆರಂಭಿಸಿ, ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಬರುವುದನ್ನು ಹತ್ತಾರು ಸಲ ಮಾಡಿಸಬೇಕು. ನಂತರ ಒಂದು ಮಾರು ದೂರದಿಂದ, ಬಳಿಕ ಬೇರೆ ಬೇರೆ ಮೂಲೆಗಳಿಂದ, ನಾಯಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿ ಬಿಟ್ಟರೂ ಅದು ಮೆಟ್ಟಿಲನ್ನು ಹುಡುಕಿಕೊಳ್ಳಬೇಕು. ನೀರಿಗೆ ಬಿದ್ದ ನಾಯಿ ಸಾಮಾನ್ಯವಾಗಿ ಬಿದ್ದ ಜಾಗದ ಅಂಚನ್ನೇ ಕೆರೆಯುತ್ತ ಉಳಿಯುತ್ತದೆ, ಹತ್ತು ಅಡಿ ಆಚೆ ಮೆಟ್ಟಿಲಿದ್ದರೂ ಅದಕ್ಕೆ ತೋಚುವುದಿಲ್ಲ. ಮೆಟ್ಟಿಲಿನ ಪಕ್ಕದಲ್ಲಿ ಎತ್ತರದ ಗಿಡದ ಕುಂಡವನ್ನೋ ಬಾವುಟವನ್ನೋ ಇಟ್ಟರೆ ನೀರಿನ ಮಟ್ಟದಿಂದ ನೋಡುವ ನಾಯಿಗೆ ಅದು ಗುರುತಾಗುತ್ತದೆ.

ಮೊದಲ ಪಾಠಗಳು ಐದು ನಿಮಿಷ ಮೀರಬೇಕಾಗಿಲ್ಲ. ಈಜು ನೆಲದ ಓಟಕ್ಕಿಂತ ಹೆಚ್ಚು ದಣಿಸುವ ವ್ಯಾಯಾಮ, ಆಟದ ಹುರುಪಿನಲ್ಲಿರುವ ನಾಯಿ ತನ್ನ ದಣಿವನ್ನು ತಾನೇ ಅರಿಯದು. ಸೊಂಟ ಇಳಿಬೀಳುವುದು, ನೀರು ಚಿಮ್ಮುವುದು ಹೆಚ್ಚಾಗುವುದು, ಉಸಿರು ಗೊರಗುಟ್ಟುವುದು, ಕಣ್ಣು ಅರಳಿ ಬೆಳ್ಳಗೆ ಕಾಣುವುದು ಇವು ನಿಲ್ಲಿಸಬೇಕೆಂಬ ಸೂಚನೆಗಳು. ಹೊಟ್ಟೆತುಂಬ ತಿಂದ ನಾಯಿಯನ್ನು ಒಂದೆರಡು ಗಂಟೆ ನೀರಿಗಿಳಿಸಬಾರದು. ತಾಳ್ಮೆಯಿಂದ ವಾರಗಟ್ಟಲೆ ಯತ್ನಿಸಿದರೂ ಒಪ್ಪದ ನಾಯಿಯನ್ನು ಅದರ ಪಾಡಿಗೆ ಬಿಡುವುದೇ ಸರಿ. ಅದಕ್ಕೆ ಬೇಕಾದದ್ದು ಅಪಾಯದಲ್ಲಿ ದಡ ಹತ್ತುವಷ್ಟು ತಿಳಿವಳಿಕೆ ಮಾತ್ರ. ನೀರಿಗೆ ಹೆದರುವ ನಾಯಿಗೆ ಹುಚ್ಚು ಹಿಡಿದಿದೆ ಎಂದು ಹಳ್ಳಿಗಳಲ್ಲಿ ಇನ್ನೂ ಶಂಕಿಸುವುದುಂಟು. ನೀರು ಕಂಡರೆ ಬೆಚ್ಚುವುದು ರೇಬೀಸ್ ತಗುಲಿದ ಮನುಷ್ಯರಲ್ಲಿ ಕಾಣುವ ಲಕ್ಷಣ. ರೇಬೀಸ್ ತಗುಲಿದ ನಾಯಿ ನೀರಿಗೆ ಹೆದರಲೇಬೇಕೆಂದಿಲ್ಲ. ಗಂಟಲು ಸೋತು ಕುಡಿಯಲಾಗದಿರಬಹುದು, ಅಷ್ಟೇ. ಆದ್ದರಿಂದ ನೀರಿನ ಅಂಜಿಕೆಯೊಂದನ್ನೇ ನೋಡಿ ಯಾವ ನಾಯಿಯನ್ನೂ ಹೊಡೆದು ಕೊಲ್ಲುವುದಕ್ಕೆ ಆಧಾರವಿಲ್ಲ.

ಅಪಾಯಗಳು

ಮುಳುಗುವುದಕ್ಕಿಂತ ಕಡಿಮೆ ಪರಿಚಿತವಾದ ಅಪಾಯವೆಂದರೆ ಅತಿಯಾಗಿ ನೀರು ಕುಡಿಯುವುದು. ಚೆಂಡನ್ನು ಕಚ್ಚಲು ಬಾಯಿ ಅಗಲಿಸಿದಾಗಲೆಲ್ಲ ನೀರು ಒಳಗೆ ಹೋಗುತ್ತದೆ. ಗಂಟೆಗಟ್ಟಲೆ ಹೀಗೆ ಆಡಿದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ವಾಂತಿ, ಜೊಲ್ಲು, ತೂರಾಡುವಿಕೆ, ಹೊಟ್ಟೆಯುಬ್ಬರ ಕಂಡರೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ದುಂಡು ಚೆಂಡಿನ ಬದಲು ಚಪ್ಪಟೆಯಾದ ಆಟಿಕೆ ಬಳಸಿ, ನಡುನಡುವೆ ವಿರಾಮ ಕೊಟ್ಟರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಕಡಲಿನಲ್ಲಿ ಇದರ ತಿರುವುಮುರುವು: ಉಪ್ಪು ಹೆಚ್ಚಾಗಿ ಭೇದಿ, ವಾಂತಿ, ನಡುಕ. ಕುಡಿಯುವ ನೀರನ್ನು ಕೊಂಡೊಯ್ದು ಆಗಾಗ ಕೊಡುತ್ತಿರಬೇಕು.

ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ನೀಲಿ-ಹಸಿರು ಪಾಚಿ ಯಕೃತ್ತನ್ನೂ ನರಗಳನ್ನೂ ಕೆಡಿಸುವ ವಿಷ ಬಿಡಬಲ್ಲದು. ಈಜಿದ ನಾಯಿ ತುಪ್ಪಳ ನೆಕ್ಕಿಕೊಂಡರೂ ಸಾಕು, ವಿಷ ಒಳಸೇರುತ್ತದೆ. ಇಲಿಗಳ ಮೂತ್ರದಿಂದ ಹರಡುವ ಇಲಿಜ್ವರ ಮಳೆಗಾಲದ ಮಲೆನಾಡು ಮತ್ತು ಕರಾವಳಿಯಲ್ಲಿ ನಾಯಿಗೂ ಮನುಷ್ಯರಿಗೂ ಸಮಾನ ಶತ್ರು. ನೀರಿಗಿಳಿಯುವ ನಾಯಿಗೆ ಇದರ ಲಸಿಕೆ ಪ್ರತಿ ವರ್ಷ ಆಗಬೇಕು. ಜೋಲುಗಿವಿಯ ತಳಿಗಳಲ್ಲಿ ಒದ್ದೆ ಉಳಿದು ಕಿವಿ ಸೋರುವುದು ಸಾಮಾನ್ಯ. ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಲ್ಯಾಬ್ರಡಾರ್‌ಗಳ ಬಾಲ ಮರುದಿನ ಬುಡದಿಂದಲೇ ಜೋತುಬೀಳುವುದುಂಟು. ನೋಡಲು ಮುರಿದಂತೆ ಕಂಡರೂ ಅದು ಸ್ನಾಯುವಿನ ನೋವು, ವಿಶ್ರಾಂತಿಯಿಂದ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಮುಳುಗಿ ಉಸಿರು ನಿಂತ ನಾಯಿಯನ್ನು ಮೇಲೆ ತಂದು, ತಲೆ ತುಸು ತಗ್ಗಿನಲ್ಲಿರುವಂತೆ ಮಲಗಿಸಿ ಬಾಯಿ ಸ್ವಚ್ಛ ಮಾಡಬೇಕು. ನಂತರ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ ಉಸಿರೂದಬೇಕು. ಎದೆಬಡಿತ ಇಲ್ಲದಿದ್ದರೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಎದೆ ಒತ್ತಿ, 2 ಸಲ ಉಸಿರೂದುವ ಕ್ರಮವನ್ನು ಪಶುವೈದ್ಯರು ಹೇಳುತ್ತಾರೆ. ಚೇತರಿಸಿಕೊಂಡಂತೆ ಕಂಡ ನಾಯಿಯನ್ನೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಶ್ವಾಸಕೋಶದ ಊತ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ನಾಯಿಯನ್ನು ಉಳಿಸಲು ಯೋಚಿಸದೆ ಹಾರಿದ ಮನುಷ್ಯರು ಸತ್ತ ಪ್ರಸಂಗಗಳು ಎಲ್ಲ ದೇಶಗಳಲ್ಲೂ ಇವೆ. ಕಳೆ ಬೆಳೆದ ಕೆರೆ, ಸುಳಿಯಿರುವ ಹೊಳೆಗಳಲ್ಲಿ ದಡದಿಂದಲೇ ಹಗ್ಗ, ಕೊಂಬೆ, ಖಾಲಿ ಕ್ಯಾನು ಬಳಸುವುದು ಮೊದಲ ಆಯ್ಕೆಯಾಗಿರಬೇಕು.

ಆಟ, ರಕ್ಷಣೆ, ಚಿಕಿತ್ಸೆ

ನಾಯಿಗಳ ಜಲಕ್ರೀಡೆಗಳಲ್ಲಿ ಹೆಚ್ಚು ವ್ಯವಸ್ಥಿತವಾದದ್ದು ಡಾಕ್ ಡೈವಿಂಗ್. ಸುಮಾರು 40 ಅಡಿ ಉದ್ದದ, ನೀರಿನಿಂದ 2 ಅಡಿ ಎತ್ತರದ ಹಲಗೆಕಟ್ಟೆಯ ಮೇಲೆ ಓಡಿಬಂದು, ಯಜಮಾನ ಎಸೆದ ಆಟಿಕೆಯ ಹಿಂದೆ ನಾಯಿ ನೀರಿಗೆ ಹಾರುತ್ತದೆ. ಬಾಲದ ಬುಡ ನೀರು ಮುಟ್ಟಿದ ಜಾಗದವರೆಗೆ ದೂರ ಅಳೆಯುತ್ತಾರೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಟೆಲಿವಿಷನ್ ಪಂದ್ಯಗಳ ಮೂಲಕ ಇದು ಜನಪ್ರಿಯವಾಯಿತು. 2019ರಲ್ಲಿ ಸೌಂಡರ್ಸ್ ಎಂಬ ವಿಪೆಟ್ 36 ಅಡಿ 2 ಅಂಗುಲ, ಅಂದರೆ 11 ಮೀಟರಿಗೂ ತುಸು ಹೆಚ್ಚು ಹಾರಿತು. ವಿಪೆಟ್ ಓಟದ ನಾಯಿ, ನೀರಿನ ತಳಿಯಲ್ಲ. ಈ ಆಟದಲ್ಲಿ ಈಜಿಗಿಂತ ಓಟದ ವೇಗವೇ ಗೆಲ್ಲುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಅಲೆಯ ಮೇಲೆ ಹಲಗೆ ಸವಾರಿ ಮಾಡುವ ಸರ್ಫಿಂಗ್ ಕ್ಯಾಲಿಫೋರ್ನಿಯಾದ ಕರಾವಳಿಯದು. ಸ್ಯಾನ್ ಡಿಯಾಗೋದಲ್ಲಿ 2011ರ ಅಕ್ಟೋಬರ್ 18ರಂದು ಅಬ್ಬಿ ಗರ್ಲ್ ಎಂಬ ಕೆಲ್ಪಿ ನಾಯಿ ಒಂದೇ ಅಲೆಯ ಮೇಲೆ 107.2 ಮೀಟರ್ ಸಾಗಿ ಗಿನ್ನೆಸ್ ದಾಖಲೆ ಸೇರಿತು. ಅದೇ ಊರಿನ ಗೋಲ್ಡನ್ ರಿಟ್ರೀವರ್ ರಿಕೋಶೆಯ ಕಥೆ ಇನ್ನೂ ಹಿರಿದು: ಹಕ್ಕಿಗಳ ಹಿಂದೆ ಓಡುವ ಚಟದಿಂದಾಗಿ ಸಹಾಯಕ ನಾಯಿಯ ತರಬೇತಿಯಿಂದ ಹೊರಬಿದ್ದ ಅದು, ಅಂಗವಿಕಲ ಮಕ್ಕಳ ಮತ್ತು ಯುದ್ಧದಿಂದ ಮರಳಿದ ಸೈನಿಕರ ಹಲಗೆಯ ಮೇಲೆ ಜೊತೆಯಾಗಿ ನಿಂತು ವರ್ಷಗಟ್ಟಲೆ ಅವರಿಗೆ ಧೈರ್ಯ ಕೊಟ್ಟಿತು. ಹೊಸಬರಿಗೆ ಇದಕ್ಕಿಂತ ಸುಲಭವಾದದ್ದು, ನಿಂತ ನೀರಿನ ಮೇಲೆ ಯಜಮಾನ ಹುಟ್ಟುಹಾಕುವ ಅಗಲ ಹಲಗೆಯಲ್ಲಿ ಅಥವಾ ಕಯಾಕ್‌ನಲ್ಲಿ ನಾಯಿಯನ್ನು ಕೂರಿಸಿಕೊಳ್ಳುವುದು. ಅದಕ್ಕೂ ಮೊದಲು ಹಲಗೆಯನ್ನು ಮನೆಯಂಗಳದಲ್ಲಿಟ್ಟು ಹತ್ತಿ ಇಳಿಯುವುದನ್ನು ಕಲಿಸಬೇಕು.

ಜೀವರಕ್ಷಣೆಯಲ್ಲಿ ಇಟಲಿಯ ಹೆಸರು ಮುಂದಿದೆ. ಫೆರುಚ್ಚೊ ಪಿಲೆಂಗಾ 1989ರಲ್ಲಿ ಮಾಸ್ ಎಂಬ ತಮ್ಮ ನ್ಯೂಫೌಂಡ್‌ಲ್ಯಾಂಡ್ ನಾಯಿಯೊಂದಿಗೆ ಕಟ್ಟಿದ ಶಾಲೆ ಇಂದು ಹೆಲಿಕಾಪ್ಟರಿನಿಂದ ಕಡಲಿಗೆ ಹಾರುವ ನಾಯಿಗಳನ್ನು ತಯಾರಿಸುತ್ತದೆ. ಅಲ್ಲಿ ನಾಯಿಯೊಂದನ್ನೇ ಕಳುಹಿಸುವುದಿಲ್ಲ. ತರಬೇತಾದ ರಕ್ಷಕ ಮತ್ತು ನಾಯಿ ಜೋಡಿಯಾಗಿ ಇಳಿಯುತ್ತಾರೆ, ರಕ್ಷಕ ಮುಳುಗುವವನನ್ನು ಹಿಡಿದುಕೊಂಡರೆ ನಾಯಿ ಇಬ್ಬರನ್ನೂ ಎಳೆಯುತ್ತದೆ. ಯಾವ ತರಬೇತಿಯೂ ಇಲ್ಲದೆ ಹೆಸರಾದ ನಾಯಿಗಳೂ ಇವೆ. ವೇಲ್ಸ್‌ನ ಸ್ವಾನ್ಸಿ ಬಂದರಿನಲ್ಲಿದ್ದ ಸ್ವಾನ್ಸಿ ಜ್ಯಾಕ್ ಎಂಬ ಕರಿಯ ರಿಟ್ರೀವರ್ 1930ರ ದಶಕದಲ್ಲಿ 27 ಜನರನ್ನು ಉಳಿಸಿತೆಂದು ಆ ಊರು ನಂಬುತ್ತದೆ. 1937ರಲ್ಲಿ ಸತ್ತ ಅದಕ್ಕೆ ಕಡಲದಂಡೆಯಲ್ಲಿ ಸ್ಮಾರಕವಿದೆ.

ಚಿಕಿತ್ಸೆಯ ಈಜು ಕೀಲುನೋವು, ಬೊಜ್ಜು, ಶಸ್ತ್ರಚಿಕಿತ್ಸೆಯ ನಂತರದ ದೌರ್ಬಲ್ಯಕ್ಕೆ ಒದಗುತ್ತದೆ. ನಿಂತ ನಾಯಿಗೆ ಮಂಡಿಯವರೆಗೆ ನೀರಿದ್ದರೆ ಕಾಲುಗಳ ಮೇಲೆ ಬೀಳುವ ಭಾರ ದೇಹತೂಕದ ಸುಮಾರು 85 ಪ್ರತಿಶತ, ಸೊಂಟದವರೆಗೆ ಏರಿಸಿದರೆ ಅದು ಸುಮಾರು 38ಕ್ಕೆ ಇಳಿಯುತ್ತದೆ ಎಂದು 2010ರ ಅಧ್ಯಯನವೊಂದು ಅಳೆದು ತೋರಿಸಿದೆ. ನೀರಿನೊಳಗಿನ ಟ್ರೆಡ್‌ಮಿಲ್ ಕೆಲಸ ಮಾಡುವುದು ಈ ಲೆಕ್ಕದ ಮೇಲೆಯೇ. ವೈದ್ಯರ ಸಲಹೆಯಿಲ್ಲದೆ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಕರ್ನಾಟಕದ ನೀರು

ಬೆಂಗಳೂರಿನಲ್ಲಿ ನಾಯಿಗಳಿಗೆಂದೇ ಕಟ್ಟಿದ ಈಜುಕೊಳಗಳು ಬಂದಿವೆ, ನಗರದವರಿಗೆ ಮೊದಲ ಪಾಠಕ್ಕೆ ಅವೇ ಕ್ಷೇಮ. ಚರಂಡಿ ಸೇರುವ ನಗರದ ಕೆರೆಗಳು ನಾಯಿಗೆ ಯೋಗ್ಯವಲ್ಲ. 2017ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆಯನ್ನು ನೆನೆದರೆ ಸಾಕು. ಕಾವೇರಿಯ ರಂಗನತಿಟ್ಟು ಭಾಗ, ದಾಂಡೇಲಿಯ ಕಾಳಿ ನದಿಗಳಲ್ಲಿ ಮೊಸಳೆಗಳಿವೆ. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡಲಿಗೆ ನಾಯಿಯನ್ನು ಬಿಡಲೇಬಾರದು. ಚಳಿಗಾಲ ಮತ್ತು ಬೇಸಿಗೆಯ ಆರಂಭದಲ್ಲಿ ಉತ್ತರ ಕನ್ನಡದ ಮರಳದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ, ಅಲ್ಲಿ ನಾಯಿಗಳನ್ನು ಹಗ್ಗ ಬಿಚ್ಚಿ ಅಲೆಯಗೊಡುವುದು ತಪ್ಪು. ಗೂಡು ಕೆದಕಿ ಮೊಟ್ಟೆ ತಿನ್ನುವ ಪ್ರಾಣಿಗಳಲ್ಲಿ ನಾಯಿಯೂ ಒಂದು.

ಹಳ್ಳಿಗಳಲ್ಲಿ ಈಗಿನ ದೊಡ್ಡ ಅಪಾಯ ಕೃಷಿ ಹೊಂಡ. 2014-15ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯ ಜಿಲ್ಲೆಗಳಲ್ಲಿ ಸಾವಿರಾರು ಹೊಂಡಗಳು ಬಂದವು, ಬೆಳೆಗಳಿಗೆ ನೀರಾಯಿತು. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ನೀರು ಕುಡಿಯಲು ಇಳಿದ ನಾಯಿ ಎಷ್ಟೇ ಚೆನ್ನಾಗಿ ಈಜಲಿ, ಉಗುರಿಗೆ ಹಿಡಿತ ಸಿಗದೆ ಅಂಚಿನಲ್ಲೇ ಸೋಲುತ್ತದೆ. ಹಾಗೆಯೇ ಸೋತ ಮಕ್ಕಳೂ ಇದ್ದಾರೆ. ಹೊಂಡದ ಸುತ್ತ ಬೇಲಿ ಮೊದಲ ಅಗತ್ಯ. ಅದರ ಜೊತೆಗೆ ಎದುರುಬದುರು ಎರಡು ಕಡೆ ತೆಂಗಿನ ನಾರಿನ ಚಾಪೆಯನ್ನೋ, ಗಂಟು ಹಾಕಿದ ದಪ್ಪ ಹಗ್ಗದ ಬಲೆಯನ್ನೋ ದಂಡೆಯ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಬೇಕು. ಹಾಳೆ ಹರಿಯದಂತೆ ಅದರ ಕೆಳಗೆ ಹಳೆಯ ಗೋಣಿಚೀಲ ಹಾಸಿದರಾಯಿತು. ಹೊಂಡ ತುಂಬುವ ಮೊದಲೇ ಮನೆಯ ನಾಯಿಯನ್ನು ಆ ಬಲೆಯ ಮೇಲೆ ನಾಲ್ಕಾರು ಸಲ ಹತ್ತಿಸಿ ಇಳಿಸಿ ತೋರಿಸಬೇಕು.